ಕಾಂತರಾಜುವಿನ ಅರ್ಧ ಪರದೆ

ಒಂಬತ್ತು ವರ್ಷ ನಾನು ಕಾಂತರಾಜುವಿನ ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡಿದೆ. ಆ ಮನುಷ್ಯನ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಒಂದೇ. ಇಸ್ತ್ರಿಯಿಲ್ಲದ ಶರ್ಟು ಹಾಕಿಕೊಂಡು ಯಾವತ್ತೂ ಬಂದವನಲ್ಲ.

ನಮ್ಮದು ಹಾಸನದ ಒಂದು ಖಾಸಗಿ ವಿದ್ಯಾಸಂಸ್ಥೆಯ ಆಫೀಸು. ನಾನು ಫೀಸಿನ ಕೌಂಟರಿನವಳು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಸಂಸ್ಥೆಯ ಹಳೇ ಸ್ಕೂಲುಗಳಿವೆ. ಅವುಗಳ ಅಡ್ಮಿಶನ್ ರಿಜಿಸ್ಟರುಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಹುಡುಕುವುದಕ್ಕೆ ಒಂದು ಸಾಫ್ಟ್‌ವೇರ್ ಹಾಕಿಸಿದಾಗ ಅದರ ಮುಂದೆ ಕಾಂತರಾಜುವನ್ನು ಕೂರಿಸಿದರು. ಮೂರು ದಿನದ ಟ್ರೈನಿಂಗ್ ಇತ್ತು. ಮೊದಲ ದಿನ ಮಧ್ಯಾಹ್ನದ ಊಟ ಮುಗಿಸಿ ಮನೆಗೆ ಹೋದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮುಂದಿನ ವಾರ 'ಸಿಸ್ಟಮ್ ಇನ್‌ಚಾರ್ಜ್' ಅಂತ ಬೋರ್ಡು ಬರೆಸಿ ಮೇಜಿನ ಮೇಲೆ ಇಟ್ಟುಕೊಂಡ.

ಕೆಲಸವೇನೂ ಕಷ್ಟದ್ದಲ್ಲ. ಹೆಸರು ಟೈಪ್ ಮಾಡಿದರೆ ಆ ಹೆಸರಿನವರ ಪಟ್ಟಿ ಮೇಲ್ಭಾಗದಲ್ಲಿ ಬರುತ್ತದೆ. ಪಟ್ಟಿಯಲ್ಲಿ ಒಂದನ್ನು ಒತ್ತಿದರೆ ಕೆಳಭಾಗದಲ್ಲಿ ರಿಜಿಸ್ಟರಿನ ಪುಟ ಕಾಣುತ್ತದೆ. ಎರಡರ ನಡುವೆ ಒಂದು ಗೆರೆ. ಅದನ್ನು ಮೌಸಿನಲ್ಲಿ ಹಿಡಿದು ಎಳೆದರೆ ಪಟ್ಟಿಯ ಜಾಗ ಹಿಗ್ಗುತ್ತದೆ, ಕುಗ್ಗುತ್ತದೆ. ಕಾಂತರಾಜು ಆ ಸಾಫ್ಟ್‌ವೇರಿನ ಇಡೀ ಕಿಟಕಿಯನ್ನೇ ಪರದೆಯ ಬಲಕ್ಕೆ ತಳ್ಳಿದ್ದ. ಎಡಗಡೆಯ ಅರ್ಧದಲ್ಲಿ ದಿನವಿಡೀ ಇಸ್ಪೀಟಿನ ಆಟ. ತಳ್ಳಿದ ರಭಸಕ್ಕೆ 'ಮುಂದಿನ ಪುಟ' ಅನ್ನುವ ಬಟನ್ನು ಪರದೆಯಿಂದಲೇ ಆಚೆ ಹೋಗಿತ್ತು. ಗೆರೆ ಮೇಲಕ್ಕೆ ಸರಿದು ಪಟ್ಟಿಯಲ್ಲಿ ಮೂರು ಹೆಸರು ಮಾತ್ರ ಕಾಣುತ್ತಿದ್ದವು. ನಲವತ್ತು ಹೆಸರು ಸಿಕ್ಕರೂ ಅವನ ಪಾಲಿಗೆ ಇದ್ದದ್ದು ಮೂರೇ. ಹಳೇ ದಾಖಲೆ ಕೇಳಿಕೊಂಡು ಬಂದವರ ಹೆಸರು ಆ ಮೂರರಲ್ಲಿದ್ದರೆ ಅವರ ಅದೃಷ್ಟ. ಇಲ್ಲದಿದ್ದರೆ ಅರ್ಜಿಯ ಮೇಲೆ ಕೆಂಪು ಪೆನ್ನಿನಲ್ಲಿ 'ದಾಖಲೆ ಲಭ್ಯವಿಲ್ಲ' ಅಂತ ಬರೆದು, ಸಹಿ ಹಾಕಿ, ಕಾಗದವನ್ನು ಕಟ್ಟಿಗೆ ಸೇರಿಸುತ್ತಿದ್ದ. ಅವನ ಅಕ್ಷರ ಮಾತ್ರ ಮುದ್ದಾಗಿತ್ತು.

ಆ ಅರ್ಧ ಪರದೆ ನನ್ನ ಕುರ್ಚಿಯಿಂದಲೂ ಕಾಣುತ್ತಿತ್ತು. ಒಂದು ದಿನವೂ ನಾನು ಬಾಯಿ ಬಿಡಲಿಲ್ಲ. ಅವನ ಕೆಲಸ, ನನಗ್ಯಾಕೆ ಅಂದುಕೊಂಡಿದ್ದೆ. ಅದಕ್ಕೆ ನನಗೂ ಉಗಿಯಬೇಕು.

ಹೀಗೆ ವಾಪಸು ಹೋದವರಲ್ಲಿ ನುಗ್ಗೇಹಳ್ಳಿಯ ಮಲ್ಲಿಗಮ್ಮ ಒಬ್ಬಳು. ಅಂಗನವಾಡಿ ಸಹಾಯಕಿ. ಆಧಾರಿನಲ್ಲಿ ಯಾರೋ ಅಂದಾಜಿಗೆ ನಾಲ್ಕು ವರ್ಷ ಜಾಸ್ತಿ ಬರೆಸಿದ್ದರಿಂದ, ಐವತ್ತಾರಕ್ಕೇ ಅರವತ್ತಾಯಿತೆಂದು ಅವಳನ್ನು ಮನೆಗೆ ಕಳಿಸುವುದರಲ್ಲಿದ್ದರು. ಚಿಕ್ಕಂದಿನಲ್ಲಿ ಚನ್ನರಾಯಪಟ್ಟಣದ ಅತ್ತೆಯ ಮನೆಯಲ್ಲಿದ್ದು ನಮ್ಮ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಅಲ್ಲಿ ಬರೆಸಿದ ಹುಟ್ಟಿದ ತಾರೀಖು ಸಿಕ್ಕಿದ್ದರೆ ಕೆಲಸ ಉಳಿಯುತ್ತಿತ್ತು. ಮೂರು ಸಲ ಬಂದಳು. ಮೂರನೇ ಸಲ ಕಾಂತರಾಜು, ನೀನು ಸ್ಕೂಲಿಗೆ ಹೋಗಿದ್ದೇ ಸುಳ್ಳಿರಬೇಕು ಅಂದ. ಅವಳು ಆಧಾರಿನ ಕಾಗದ ಮಡಿಸಿ ಸೆರಗಿಗೆ ಸಿಕ್ಕಿಸಿಕೊಂಡು ಹೋದಳು. ಕೆಲಸವೂ ಹೋಯಿತು.

ಎರಡು ವರ್ಷದ ಮೇಲೆ ಕಾಂತರಾಜು ಮಗಳ ಮದುವೆಗೆಂದು ಹದಿನೈದು ದಿನ ರಜೆ ಹಾಕಿದ. ಅವನ ಜಾಗಕ್ಕೆ ಶಾಂತಿಗ್ರಾಮದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಭಾನುಪ್ರಿಯಾ ಎಂಬ ಗುತ್ತಿಗೆಯ ಹುಡುಗಿಯನ್ನು ಕೂರಿಸಿದರು. ಅವಳು ಮೊದಲು ಇಸ್ಪೀಟನ್ನು ಮುಚ್ಚಿದಳು. ಆಮೇಲೆ ಕಿಟಕಿಯನ್ನು ಪರದೆ ತುಂಬ ಅಗಲಿಸಿ, ಗೆರೆಯನ್ನು ಕೆಳಕ್ಕೆ ಎಳೆದಳು. ಅಷ್ಟೇ ಅವಳು ಮಾಡಿದ್ದು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ಶೋಭಿತಕ್ಕ, ಇವರು ಇಷ್ಟು ವರ್ಷ ಮೂರೇ ಹೆಸರು ನೋಡ್ತಿದ್ರಾ?" ಅಂದಳು. ನಾನು ರಸೀದಿ ಪುಸ್ತಕದಿಂದ ತಲೆಯೆತ್ತಲಿಲ್ಲ.

ಕೆಂಪು ಪೆನ್ನಿನ ಅರ್ಜಿಗಳ ಕಟ್ಟನ್ನು ಬಿಚ್ಚಿ ಅವಳು ಒಂದೊಂದಾಗಿ ಮತ್ತೆ ಹುಡುಕಿದಳು. ಮುಕ್ಕಾಲು ಪಾಲು ಜನರ ದಾಖಲೆ ಅಲ್ಲೇ ಇತ್ತು. ಸಿಕ್ಕ ಪುಟಗಳ ನಕಲಿಗೆ ಕಾರ್ಯದರ್ಶಿ ಪಾಲಾಕ್ಷಯ್ಯನವರ ಸಹಿ ಹಾಕಿಸಿ, ಅರ್ಜಿಯಲ್ಲಿದ್ದ ನಂಬರುಗಳಿಗೆಲ್ಲ ಫೋನು ಮಾಡಿದಳು. ಕೆಲವರು ತೀರಿಕೊಂಡಿದ್ದರು. ಕೆಲವರು, ಈಗ್ಯಾಕವ್ವ ಅದು ಅಂದರು.

ಮಲ್ಲಿಗಮ್ಮ ಬಂದದ್ದು ಕಾಂತರಾಜು ರಜೆ ಮುಗಿಸಿ ಬಂದ ದಿನವೇ. ಆ ಹೊತ್ತಿಗಾಗಲೇ ಅವನು, ನನ್ನ ಸೆಟ್ಟಿಂಗ್ ಮುಟ್ಟಿದ್ಯಾರು ಅಂತ ಗೊಣಗುತ್ತ ಕಿಟಕಿಯನ್ನು ಮೊದಲಿನ ಹಾಗೇ ಬಲಕ್ಕೆ ತಳ್ಳಿದ್ದ; ಗೆರೆಯೂ ಮತ್ತೆ ಮೇಲಕ್ಕೆ ಏರಿತ್ತು. ಭಾನುಪ್ರಿಯಾ ಸಹಿಯಾದ ಕಾಗದವನ್ನು ಮಲ್ಲಿಗಮ್ಮನ ಕೈಗೆ ಕೊಟ್ಟಳು. ಅವಳು ಅದನ್ನು ಹಿಡಿದುಕೊಂಡು ನೇರ ಕಾಂತರಾಜುವಿನ ಮುಂದೆ ಹೋಗಿ ನಿಂತಳು.

"ಎಲ್ಲಿತ್ತು ಸಾ ಇದು? ಒಂದ್ಸಲ ನಂಗೂ ತೋರ್ಸಿ."

ಅವನು ಅವಳ ಹೆಸರು ಟೈಪ್ ಮಾಡಿದ. ಮೂರು ಹೆಸರು ಬಂದವು. ಮೂರನ್ನೂ ಓದಿ, ಕನ್ನಡಕ ಸರಿಮಾಡಿಕೊಂಡು, ಹಿಂದೆ ಹೇಳುತ್ತಿದ್ದ ಅದೇ ದನಿಯಲ್ಲಿ ಹೇಳಿದ: "ಸಿಸ್ಟಮ್ಮಲ್ಲಿ ಇಲ್ಲ ಕಣಮ್ಮ."

"ಪೇಪ್ರು ನನ್ ಕೈಲೈತಲ್ಲ ಸಾ."

"ಇರಬೋದು. ಸಿಸ್ಟಮ್ಮಲ್ಲಿ ಇಲ್ಲ."

ಭಾನುಪ್ರಿಯಾ ಹಿಂದೆ ಬಂದು ನಿಂತು, "ಆ ಗೆರೆ ಹಿಡಿದು ಕೆಳಕ್ಕೆ ಎಳೀರಿ ಸರ್" ಅಂದಳು. ಅವನಿಗೆ ಯಾವ ಗೆರೆ ಅಂತಲೂ ತಿಳಿಯಲಿಲ್ಲ. ಮೌಸು ಪರದೆಯ ತುಂಬ ಸುತ್ತಾಡಿತು. ಮಲ್ಲಿಗಮ್ಮ ಕೊಂಚ ಹೊತ್ತು ನೋಡಿದಳು. ಬಯ್ಯುತ್ತಾಳೆ ಅಂತ ನಾನು ಕಾದೆ. ಅವಳು ಬಯ್ಯುವಷ್ಟೂ ಬೆಲೆ ಕೊಡದೆ ಅವನಿಗೆ ಬೆನ್ನು ತಿರುಗಿಸಿ, ಭಾನುಪ್ರಿಯಾಳ ಗಲ್ಲ ಮುಟ್ಟಿ, ಬಸ್ಸಿಗೆ ಹೊತ್ತಾಯ್ತೆಂದು ಹೊರಟಳು.

ಐದಾರು ತಿಂಗಳು ಅಲೆದ ಮೇಲೆ ಉಳಿದ ಅವಧಿಗೆ ಬೇರೆ ಊರಿನ ಅಂಗನವಾಡಿಯಲ್ಲಿ ಅವಳಿಗೆ ಕೆಲಸ ಕೊಟ್ಟರು. ಮನೆಯಲ್ಲಿ ಕೂತು ಕಳೆದ ಎರಡು ವರ್ಷ ಯಾರ ಲೆಕ್ಕಕ್ಕೂ ಬರಲಿಲ್ಲ.

ಕಾಂತರಾಜುವಿಗೆ ಒಂದು ನೋಟೀಸೂ ಕೊಡಲಿಲ್ಲ. ಪಾಲಾಕ್ಷಯ್ಯನವರು ಅವನನ್ನು ಹೊಳೆನರಸೀಪುರದ ಸ್ಕೂಲಿಗೆ ವರ್ಗ ಮಾಡಿ ಸುಮ್ಮನಾದರು. ಭಾನುಪ್ರಿಯಾ ಇನ್ನೂ ಗುತ್ತಿಗೆಯಲ್ಲೇ ಇದ್ದಾಳೆ. ಹೋದ ತಿಂಗಳು ಆ ಸ್ಕೂಲಿನ ಮೇಷ್ಟ್ರೊಬ್ಬರು ಫೀಸಿನ ಕೆಲಸಕ್ಕೆ ಬಂದಿದ್ದರು. ಹಾಸನದ ಸಿಸ್ಟಮ್ಮನ್ನೆಲ್ಲ ಕಟ್ಟಿ ನಿಲ್ಲಿಸಿದ್ದು ಕಾಂತರಾಜು ಅವರೇ ಅಂತೆ, ದೊಡ್ಡ ತಲೆ ಬಿಡಿ ಅಂದರು. ನಾನು ಅವರಿಗೆ ರಸೀದಿ ಹರಿದು ಕೊಟ್ಟು, ಕೂತ್ಕೊಳ್ಳಿ ಮೇಷ್ಟ್ರೇ ಅಂದೆ. ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ.