ಬಾಬಿನ್ ಅಕ್ಕನ ನೂರು ಸುತ್ತು

ಹೊಲಿಗೆ ಯಂತ್ರ ಕೈಕೊಟ್ಟರೆ ಆ ಪೇಟೆಯ ದರ್ಜಿಗಳು ಹೋಗಿ ನಿಲ್ಲುವುದು ಬಾಬಿನ್ ಅಕ್ಕನ ಬಾಗಿಲಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಆಕೆಯ ಕೆಲಸದ ರೀತಿ ಒಂದೇ. ಸವೆದ ಭಾಗವನ್ನು ಬಿಚ್ಚಿ ಎದುರಿಗಿಟ್ಟುಕೊಂಡು, ಅದರ ಅಳತೆ ಹಿಡಿದು, ಹಿಂಬದಿ ಕೋಣೆಯ ಪುಟ್ಟ ಲೇತ್‌ನಲ್ಲಿ ಅಂಥದೇ ಹೊಸದನ್ನು ಕಡೆಯುವುದು. ಹಳೆಯ ಯಂತ್ರಕ್ಕೆ ಹಳೆಯ ಅಳತೆಯೇ ಸರಿ ಎಂಬುದು ಆಕೆಯ ನಂಬಿಕೆ.

ಆ ಕೋಣೆಗೆ ಮಾದರಿ ರೈಲು ಬಂದದ್ದು ಗಂಡನ ದೆಸೆಯಿಂದ. ಬಸ್ ಡಿಪೋದ ಗುಮಾಸ್ತನಾದ ಆತನಿಗೆ ನಲವತ್ತೈದರಲ್ಲಿ ಈ ಹುಚ್ಚು ಹತ್ತಿತು. ಒಳ್ಳೆಯ ಸೆಟ್ಟಿನ ಬೆಲೆ ಕೇಳಿದರೆ ಎದೆ ಧಸಕ್ಕೆನ್ನುತ್ತಿತ್ತು, ಕೈಗೆಟುಕುವ ಸೆಟ್ಟು ವಾರದೊಳಗೆ ಮೂಲೆ ಸೇರುತ್ತಿತ್ತು. ಅಂಥ ಅಗ್ಗದ್ದೊಂದನ್ನು ತಂದು, ಮೂರನೇ ದಿನ ಅದು ಕುಂಟತೊಡಗಿದಾಗ, ಆತ ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಕೂತ. ಅಕ್ಕ ಬಿಚ್ಚಿ ನೋಡಿದಳು. ಮೋಟಾರು ಗಟ್ಟಿಯಾಗಿತ್ತು, ಹಾಳಾದದ್ದು ಪ್ಲಾಸ್ಟಿಕ್ ಗಾಲಿಗಳು. ಅವುಗಳ ಅಳತೆಗೆ ಹಿತ್ತಾಳೆಯ ಗಾಲಿ ಕಡೆದು ಹಾಕಿದಳು. ರೈಲು ಊಟದ ಮೇಜಿನ ಮೇಲೆ ನೀರು ಹರಿದಂತೆ ಓಡಿತು.

ಅದನ್ನೇ ಮಾದರಿಯಾಗಿಟ್ಟುಕೊಂಡು ಮಾರಲೆಂದು ಹೊಸದನ್ನು ಮಾಡತೊಡಗಿದಳು, ಎರಡು ವರ್ಷದಲ್ಲಿ ಮೂವತ್ತು ಸೆಟ್ಟುಗಳಾದವು. ಒಂದೊಂದರಲ್ಲೂ ಒಂದು ಎಂಜಿನ್, ಮೂರು ಬೋಗಿ. ಬೆಲೆ ವಿದೇಶಿ ಸೆಟ್ಟಿನ ಮೂರನೇ ಒಂದು ಪಾಲು. ಡಬ್ಬಗಳೆಲ್ಲ ಅತ್ತೆಯ ಮಂಚದ ಕೆಳಗೆ ಸೇರಿದವು. ತನ್ನ ಮಂಚ ಈಗ ಜಂಕ್ಷನ್ ಆಗಿದೆ, ಟಿಕೆಟ್ ಇಲ್ಲದವರು ಕೂರಬೇಡಿ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ಮಾರಲು ಕೇಳಿಕೊಂಡರೆ ಪೇಟೆಯ ಆಟಿಕೆ ಅಂಗಡಿಯವನು ಮಾತ್ರ ಪಟ್ಟು ಬಿಡಲಿಲ್ಲ. ಮಾದರಿ ರೈಲು ಸಂಘದ ಮೊಹರಿಲ್ಲದೆ ಒಂದು ಡಬ್ಬವನ್ನೂ ಇಟ್ಟುಕೊಳ್ಳಲೊಲ್ಲ. ಸಂಘದ ಹಳಿಯ ಮೇಲೆ ನೂರು ಸುತ್ತು, ಒಮ್ಮೆಯೂ ಹಳಿ ತಪ್ಪದೆ ಓಡಿದರಷ್ಟೇ ಮೊಹರು. ಅದು ಸಿಗದಿದ್ದರೆ ಮೂವತ್ತು ಡಬ್ಬವೂ ಮಂಚದ ಕೆಳಗೇ.

ಗ್ರಂಥಾಲಯದ ಮಹಡಿಯ ಸಭಾಂಗಣದಲ್ಲಿ ಮೊದಲ ಪರೀಕ್ಷೆ ನಡೆಯಿತು. ಮೂರನೇ ಸುತ್ತಿನಲ್ಲಿ, ಹಳಿ ಕವಲೊಡೆಯುವ ಕಡೆ, ಎರಡನೇ ಬೋಗಿ ಮುಗ್ಗರಿಸಿ ಮಗ್ಗುಲಾಯಿತು. ಸಂಘದ ಅಧ್ಯಕ್ಷರು ಹಲ್ಲಿನ ಡಾಕ್ಟರು. ರೋಗಿಗೆ ಹೇಳುವ ದನಿಯಲ್ಲೇ ಹೇಳಿದರು:

“ಬೇಜಾರು ಮಾಡ್ಕೋಬೇಡಿ. ಕಾಸಿಗೆ ತಕ್ಕ ಕಜ್ಜಾಯ ಅಂತಾರಲ್ಲ.”

ಅಕ್ಕ ಅವರದೇ ಒಂದು ಬೋಗಿಯನ್ನು ಕೇಳಿ ಪಡೆದು, ಚೀಲದಿಂದ ಅಳತೆಗೋಲು ತೆಗೆದು, ಎರಡು ಗಾಲಿಗಳ ನಡುವಿನ ಅಂತರ ನೋಡಿದಳು. ಆಮೇಲೆ ತನ್ನದನ್ನು ನೋಡಿದಳು. ತನ್ನದು ಅರ್ಧ ಮಿಲಿಮೀಟರ್ ಕಡಿಮೆ. ತಪ್ಪು ಎಲ್ಲಿಯದೆಂದು ನಿಂತಲ್ಲೇ ಹೊಳೆಯಿತು. ಗಂಡ ತಂದ ಸೆಟ್ಟಿನ ಗಾಲಿಗಳು ಅಚ್ಚಿನ ಮೇಲೆ ಒಳಕ್ಕೆ ಜರುಗಿದ್ದವು. ಕೆಟ್ಟ ಮಾದರಿಯ ಕೆಟ್ಟ ಅಳತೆಯನ್ನು ಆಕೆ ಮೂವತ್ತು ಸಲ ಶ್ರದ್ಧೆಯಿಂದ ನಕಲು ಮಾಡಿದ್ದಳು. ಮನೆಯ ಹಳಿಯಲ್ಲಿ ಕವಲೇ ಇರಲಿಲ್ಲವಾದ್ದರಿಂದ ಗುಟ್ಟು ಹೊರಬಿದ್ದಿರಲಿಲ್ಲ.

“ತಪ್ಪು ಬೆಲೇದಲ್ಲ ಡಾಕ್ಟ್ರೇ, ನಂದು,” ಎಂದಳು. “ಮುಂದಿನ ತಿಂಗಳು ಬರ್ತೀನಿ.”

ಮೂವತ್ತು ಸೆಟ್ಟು ಎಂದರೆ ನಾನೂರ ಎಂಬತ್ತು ಅಚ್ಚು. ಸರಿಯಾದ ಅಂತರಕ್ಕೆ ಹಿತ್ತಾಳೆಯ ಒಂದು ಪಟ್ಟಿ ಕತ್ತರಿಸಿಕೊಂಡು, ಪ್ರತಿ ಗಾಲಿಯನ್ನೂ ಕೂದಲೆಳೆಯಷ್ಟು ಹೊರಕ್ಕೆ ಒತ್ತಿದಳು. ಗಂಡ ಡಿಪೋದಿಂದ ಬಂದವನೇ ಬಿಚ್ಚುವ ಕೆಲಸಕ್ಕೆ ಕೂರುತ್ತಿದ್ದ. ಪಟ್ಟಿ ತೂರಿಸಿ ಪರೀಕ್ಷಿಸುವ ಹೊಣೆಯನ್ನು ಅತ್ತೆ ಕೇಳಿ ಪಡೆದರು. ಸೊಸೆಯ ಕೆಲಸದಲ್ಲಿ ತಪ್ಪು ಹುಡುಕುವ ಅಭ್ಯಾಸ ತನಗೆ ಮೊದಲಿನಿಂದಲೂ ಇದೆ ಎಂಬುದು ಅವರ ಸಮರ್ಥನೆ. ಹನ್ನೊಂದು ಅಚ್ಚುಗಳನ್ನು ವಾಪಸ್ ಕಳಿಸಿದರು. ಹನ್ನೊಂದೂ ನಿಜವಾಗಿಯೇ ತಪ್ಪಾಗಿದ್ದವು.

ಮುಂದಿನ ತಿಂಗಳು ಅಕ್ಕ ಗಂಡ, ಅತ್ತೆಯ ಜೊತೆ ಮೂವತ್ತೂ ಡಬ್ಬಗಳನ್ನು ಸಭಾಂಗಣಕ್ಕೆ ತಂದಳು, ನೋಡಲೆಂದು ಅಂಗಡಿಯವನೂ ಬಂದಿದ್ದ. ಡಾಕ್ಟರು ಡಬ್ಬಗಳ ರಾಶಿಯ ನಡುವಿನಿಂದ ಒಂದನ್ನು ತಾವೇ ಎಳೆದು ತೆಗೆದರು. ಮೂರನೇ ಸುತ್ತು ಕಳೆಯಿತು. ಮೂವತ್ತಾದಾಗ ಅವರು ಇನ್ನೂ ನಾಲ್ಕು ಬೋಗಿ ಸೇರಿಸಿದರು. ಎಂಜಿನ್ ಒಮ್ಮೆ ಗುರ್ ಎಂದು ಎಳೆದುಕೊಂಡು ಹೋಯಿತು. ಅರವತ್ತರ ಹೊತ್ತಿಗೆ ಕುರ್ಚಿಯಲ್ಲಿದ್ದವರೆಲ್ಲ ಎದ್ದು ಮೇಜಿನ ಸುತ್ತ ನಿಂತಿದ್ದರು. ತೊಂಬತ್ತರ ಮೇಲೆ ಎಣಿಕೆ ಎಲ್ಲರ ಬಾಯಲ್ಲೂ ಬಂತು. ನೂರು ಎಂದಾಗ ಡಾಕ್ಟರು ಸ್ವಿಚ್ಚಿನತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡರು.

“ಓಡ್ಲಿ ಬಿಡಿ,” ಎಂದರು. “ನೋಡೋಕೆ ಚೆನ್ನಾಗಿದೆ.”

ರೈಲು ಇನ್ನೂ ಸುತ್ತುತ್ತಿದ್ದಾಗಲೇ ಅಂಗಡಿಯವನು ಅಕ್ಕನ ಪಕ್ಕಕ್ಕೆ ಬಂದ. ಮೂವತ್ತನ್ನೂ ತಾನೇ ಒಯ್ಯುವುದಾಗಿ ಹೇಳಿ, ಮೊಹರು ಬಿದ್ದ ಮೇಲೆ ಬೆಲೆಯನ್ನು ದುಪ್ಪಟ್ಟು ಮಾಡಬಹುದಲ್ಲ ಎಂದು ಮೆಲ್ಲಗೆ ಸೇರಿಸಿದ.

“ಬೆಲೆ ಏರಿಸೋದಾದ್ರೆ ಡಬ್ಬ ಮುಟ್ಟಬೇಡಿ,” ಎಂದಳು ಅಕ್ಕ. “ಬೆಲೆ ಕೇಳಿ ಮೆಟ್ಟಿಲಿಳಿದು ಹೋಗೋರಿಗೇ ಅಂತ ಮಾಡಿದ್ದು ಇದು.”

ಅವನು ತಲೆ ಕೆರೆದುಕೊಂಡು, ಮುಂದಿನ ಮೂವತ್ತು ಯಾವಾಗ ಸಿಗುತ್ತದೆ ಎಂದು ಕೇಳಿದ. ಅಷ್ಟರಲ್ಲಿ ಡಾಕ್ಟರು ಅಂಗಿಯ ತೋಳು ಮಡಚಿಕೊಂಡು ಮೊದಲ ಡಬ್ಬದ ಮೇಲೆ ಮೊಹರು ಒತ್ತಿದ್ದರು. ಅತ್ತೆ ಪಕ್ಕದಲ್ಲಿ ನಿಂತು, ಅದು ಸೊಟ್ಟಗೆ ಬಿದ್ದಿದೆ, ಇನ್ನೊಮ್ಮೆ ಸರಿಯಾಗಿ ಒತ್ತಿ ಎನ್ನುತ್ತಿದ್ದರು.