ಚೀಟಿ ಕಿತ್ತುಹೋದ ಪ್ಲೇಟು

ಐವತ್ತರ ದಶಕದಲ್ಲಿ ನಾನು ರೋಣದ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಯಾರೂ ಓದದ ಪುಸ್ತಕ, ಯಾರೂ ಕೇಳದ ಹಾಡು ಎಂದರೆ ನನಗೆ ಹುಚ್ಚು. ನರಗುಂದ, ಗಜೇಂದ್ರಗಡಗಳಲ್ಲೂ ಅಂಥ ಕೆಲವರಿದ್ದರು. ನಮಗಾಗಿಯೇ ತಿಂಗಳಿಗೊಂದು ಕೈಬರಹದ ಪತ್ರಿಕೆ ಮಾಡುತ್ತಿದ್ದೆ. ಇದ್ದದ್ದು ಒಂದೇ ಪ್ರತಿ. ಓದಿದವರು ಬಸ್ಸಿನಲ್ಲಿ ಮುಂದಿನವರಿಗೆ ಕಳಿಸಬೇಕು. ಪುಸ್ತಕದ ವಿಮರ್ಶೆ ಯಾರಾದರೂ ಬರೆಯುತ್ತಿದ್ದರು. ಸಂಗೀತದ್ದು ನನ್ನದೇ, ಏಕೆಂದರೆ ಗ್ರಾಮಫೋನು ಇದ್ದದ್ದು ನನ್ನೊಬ್ಬನ ಬಳಿ.

ಒಮ್ಮೆ ಹೆಸರಿನ ಚೀಟಿ ಕಿತ್ತುಹೋದ ಹಳೆಯ ಗ್ರಾಮಫೋನು ಪ್ಲೇಟೊಂದು ಸಿಕ್ಕಿತು. ಗುಬ್ಬಿಯನ್ನು ಕರೆಯುವ ಹಾಡು. ಅದರ ಸಾಲುಗಳನ್ನೂ ಇಳಿಸಿ ಮೂರು ಪುಟ ಹೊಗಳಿ ಬರೆದೆ. ‘ಈ ಮುದುಕನ ದನಿಯಲ್ಲಿ ಹೆಂಡತಿಯನ್ನು ಕಳೆದುಕೊಂಡವನ ಭಾರವಿದೆ’ ಎಂದೂ ಸೇರಿಸಿದೆ.

ಎರಡು ತಿಂಗಳ ಮೇಲೆ ಗಜೇಂದ್ರಗಡದ ಓದುಗರೊಬ್ಬರು ತಮ್ಮ ಅಕ್ಕನನ್ನು ಕರೆದುಕೊಂಡು ಬಂದರು. ನಲವತ್ತು ದಾಟಿದ ಹೆಂಗಸು.

“ಆ ಹಾಡು ನಾ ಹಾಡಿದ್ದ್ರಿ,” ಎಂದರು. “ಅದೊಂದ ಪ್ಲೇಟ್ ಆತು, ಆಮ್ಯಾಲ ಮನ್ಯಾಗ ಹಾಡೂದ ಬ್ಯಾಡಂದ್ರು. ಒಮ್ಮೆ ಕೇಳಸ್ರಿ.”

ಏನೋ ತಪ್ಪು ತಿಳಿದಿದ್ದಾರೆ ಎಂದುಕೊಂಡು ಹಚ್ಚಿದೆ. ಆಕೆಯ ಮುಖ ಬಿಳಿಚಿತು.

“ಹಾಡು ನಂದ, ದನಿ ನಂದಲ್ಲ. ಮಾಸ್ತರ, ನಿಮ್ಮ ಪೆಟಗಿ ಭಾಳ ಸಾವಕಾಶ ತಿರಗತೈತಿ.”

ತಿರುಗುವ ತಟ್ಟೆಯ ಪಕ್ಕದಲ್ಲೊಂದು ಸಣ್ಣ ಕಡ್ಡಿಯಿತ್ತು. ಅದನ್ನು ಮುಟ್ಟಬಾರದೆಂದು ಮಾರಿದವನು ಹೇಳಿದ್ದ. ಆಕೆ ಅದನ್ನು ಮೆಲ್ಲಗೆ ಸರಿಸಿದರು. ತಟ್ಟೆ ಚುರುಕಾಯಿತು, ಮುದುಕ ಕರಗಿಹೋದ. ಹುಡುಗಿಯೊಬ್ಬಳು ಗುಬ್ಬಿಯನ್ನು ಕೆಣಕುತ್ತ, ನಗು ತಡೆದು ಹಾಡುತ್ತಿದ್ದಳು.

“ಹದಿನೇಳ ವರ್ಷದಾಕಿ ಇದ್ದೆ. ಹೆಂಡ್ತಿ ಎಲ್ಲಿಂದ ಬರಬೇಕ್ರಿ ನನಗ?”

ಅವರು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊತ್ತಿಕೊಂಡರು. ನಾನು ಅದೇ ವೇಗದಲ್ಲಿ ಇನ್ನೊಂದು ಪ್ಲೇಟು ಹಾಕಿದೆ, ಮತ್ತೊಂದು ಹಾಕಿದೆ. ಯಾವುದೂ ನಾನು ಬಲ್ಲ ಹಾಡಾಗಿರಲಿಲ್ಲ. ಮೂರು ವರ್ಷ ನಾನು ಬರೆದದ್ದೆಲ್ಲ ಇಲ್ಲದ ಗಾಯಕರ ಬಗ್ಗೆ.

ಪ್ಲೇಟನ್ನು ಆಕೆಗೇ ಕೊಡಹೋದೆ. “ನಮ್ಮನ್ಯಾಗ ಎಲ್ಲಿ ಹಚ್ಚೂದ್ರಿ? ಇಲ್ಲೇ ಇರ್ಲಿ, ಬಂದ ಕೇಳತೀನಿ,” ಎಂದರು.

ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡು ಬರೆದೆ. ಪತ್ರಿಕೆ ತಿರುಗಿ ಬಂದಾಗ ಅದರ ಕೆಳಗೆ ನರಗುಂದದ ವಕೀಲರೊಬ್ಬರು ಗೀಚಿದ್ದರು: ‘ಆ ಮುದುಕ ಇಲ್ಲಂತ ನಾ ನಂಬೂದಿಲ್ಲ. ಅವನ ಸಲುವಾಗಿ ನಾ ಅತ್ತೀನಿ.’

ಆಕೆ ಹೇಳಿದಂತೆ ಮರುತಿಂಗಳು ತಮ್ಮನೊಂದಿಗೆ ಬಂದರು. ಅಲ್ಲಿಂದ ಮುಂದೆ, ವೇಗ ಸರಿಯಿದೆ ಎಂದು ಆಕೆ ತಲೆಯಾಡಿಸುವವರೆಗೆ ನಾನು ಯಾವ ಹಾಡಿನ ಬಗ್ಗೆಯೂ ಒಂದು ಸಾಲು ಬರೆದವನಲ್ಲ.