ಮೂರನೇ ಸಹಿ

ಆ ಆಸ್ಪತ್ರೆಯಲ್ಲಿ ಡಾಕ್ಟರ ಹೆಸರನ್ನು ಬಾಗಿಲ ಮೇಲೆ ಪೇಂಟಿನಲ್ಲಿ ಬರೆಸುವುದನ್ನು ನಿಲ್ಲಿಸಿ ಬಹಳ ವರ್ಷಗಳಾಗಿದ್ದವು. ಪೇಂಟು ಒಣಗುವ ಮೊದಲೇ ಡಾಕ್ಟರು ಹೊರಟುಬಿಟ್ಟರೆ ಪೇಂಟರ್ ತಾನೇ ಏನು ಮಾಡಿಯಾನು? ಕೊನೆಗೆ ದೊಡ್ಡ ಸಿಸ್ಟರ್ ಮಕ್ಕಳ ಸ್ಲೇಟೊಂದನ್ನು ತಂದು ಎರಡನೇ ನಂಬರ್ ಕೋಣೆಯ ಬಾಗಿಲಿಗೆ ನೇತುಹಾಕಿದಳು. ಬಂದವರ ಹೆಸರನ್ನು ಬಳಪದಲ್ಲಿ ಬರೆಯುವುದು, ಹೋದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ಒರೆಸಿ ಒರೆಸಿ ಸ್ಲೇಟು ಬೂದುಬಣ್ಣಕ್ಕೆ ತಿರುಗಿತ್ತು. ಬೆಳಕು ಓರೆಯಾಗಿ ಬಿದ್ದಾಗ ಹಳೆಯ ಹೆಸರುಗಳೆಲ್ಲ ಒಂದರ ಮೇಲೊಂದು ಮಸುಕಾಗಿ ಕಾಣುತ್ತಿದ್ದವು.

ದೊಡ್ಡ ಸಿಸ್ಟರ್ ಅಂದರೆ ಆ ಸರ್ಕಾರಿ ಮಾನಸಿಕ ಆಸ್ಪತ್ರೆಯ ಹೆಡ್ ನರ್ಸ್. ಮೂವತ್ತೊಂದು ವರ್ಷದ ಸರ್ವೀಸು, ಮೂಗಿನ ತುದಿಯಲ್ಲೇ ಕೋಪ. ಮಾತ್ರೆ ಎಂಟು ಗಂಟೆಗೆ ಅಂದರೆ ಎಂಟು ಗಂಟೆಗೆ. ತಲೆ ಮೇಲೆ ತಲೆ ಬಿದ್ದರೂ ಎಂಟೂ ಐದಕ್ಕೆ ಹೋಗುವಂತಿಲ್ಲ. ರೋಗಿಗಳು ಅವಳನ್ನು ಕಂಡರೆ ಹೆದರುತ್ತಿದ್ದರು, ಅವಳು ರಜೆ ಹಾಕಿದರೆ ಇನ್ನೂ ಹೆದರುತ್ತಿದ್ದರು.

ಡಾಕ್ಟರುಗಳನ್ನು ಉಳಿಸಿಕೊಳ್ಳಲು ಆಕೆ ಮಾಡದ ಸರ್ಕಸ್ಸಿಲ್ಲ. ಕಿಟಕಿಗೆ ಪರದೆ ಹಾಕಿಸಿದಳು. ಕುರ್ಚಿಗೆ ಮನೆಯಿಂದ ದಿಂಬು ತಂದಳು. ಒಬ್ಬರು ಮೇಜು ಅಲ್ಲಾಡುತ್ತದೆ ಎಂದಾಗ, ಬೀರುವಿನ ತಳದಲ್ಲಿ ಬಿದ್ದಿದ್ದ ದಪ್ಪದೊಂದು ಹಳೇ ಪುಸ್ತಕವನ್ನು ಮೇಜಿನ ಮೊಂಡುಗಾಲಿನ ಕೆಳಗೆ ತುರುಕಿದಳು. ಮೇಜು ನಿಂತಿತು, ಡಾಕ್ಟರು ನಿಲ್ಲಲಿಲ್ಲ. ನದಿಯಾಚೆಯ ಖಾಸಗಿ ಆಸ್ಪತ್ರೆಯಲ್ಲಿ ಇಲ್ಲಿನ ಎರಡರಷ್ಟು ಸಂಬಳ. ಇಲ್ಲಿನ ಕಾಲುಭಾಗ ರೋಗಿಗಳು. ಯಾರನ್ನು ಬೈಯುವುದು? ಅವರಿಗೂ ಓದಿದ ಸಾಲವಿತ್ತು, ಮನೆಯಲ್ಲಿ ಮಕ್ಕಳಿದ್ದರು. ಐದು ತಿಂಗಳು ಇದ್ದವರೇ ದೊಡ್ಡವರು.

ಐದು ತಿಂಗಳು ಸಾಲುತ್ತಿರಲಿಲ್ಲ, ಅದೇ ದೊಡ್ಡ ಗೋಳು. ವರ್ಷ ದಾಟಿ ಒಳಗಿದ್ದ ರೋಗಿಯನ್ನು ಮನೆಗೆ ಕಳಿಸಬೇಕಾದರೆ ಅಲ್ಲೊಂದು ನಿಯಮವಿತ್ತು. ಒಬ್ಬರೇ ಡಾಕ್ಟರು ಮೂರು ಮೂರು ತಿಂಗಳು ಬಿಟ್ಟು ಮೂರು ಸಲ ಅವರನ್ನು ನೋಡಬೇಕು, ಮೂರು ಸಲವೂ 'ಗುಣವಾಗಿದೆ' ಎಂದು ಸಹಿ ಹಾಕಬೇಕು. ಡಾಕ್ಟರು ಬದಲಾದರೆ ಮತ್ತೆ ಒಂದನೇ ಸಹಿಯಿಂದ ಶುರು. ಸೂಪರಿಂಟೆಂಡೆಂಟರು ಮೂಳೆ ಡಾಕ್ಟರು; ಅವರ ಸಹಿ ಇದಕ್ಕೆ ನಡೆಯುತ್ತಿರಲಿಲ್ಲ. ಹಾಗಾಗಿ ಪೂರ್ತಿ ಗುಣವಾದವರೂ ವರ್ಷಗಟ್ಟಲೆ ಅಲ್ಲೇ ಉಳಿದಿದ್ದರು. ಈ ನಿಯಮವನ್ನು ದೊಡ್ಡ ಸಿಸ್ಟರಿಗೆ ಕಲಿಸಿದ್ದು ಅವಳ ಹಿಂದಿನ ಹೆಡ್ ನರ್ಸು, ಆಕೆಗೆ ಅವಳ ಹಿಂದಿನವಳು.

ಹಾಗೆ ಉಳಿದವರಲ್ಲಿ ಒಬ್ಬ ಡ್ರೈವರ್ ಅಜ್ಜ. ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದ ಮನುಷ್ಯ. ಒಂದು ದಿನ ತುಂಬಿದ ಬಸ್ಸನ್ನು ನಡುರಸ್ತೆಯಲ್ಲಿ ನಿಲ್ಲಿಸಿ, ಇಳಿದು, ಅಳುತ್ತಾ ನಡೆದುಹೋಗಿದ್ದ. ಔಷಧಿಯಿಂದ ಎರಡು ವರ್ಷದಲ್ಲಿ ಸರಿಹೋದ. ದೂರದ ಊರಿನಲ್ಲಿ ತಂಗಿ ಅವನಿಗಾಗಿ ಕೋಣೆಯೊಂದನ್ನು ಗುಡಿಸಿ ಇಟ್ಟುಕೊಂಡಿದ್ದಳು. ಅಜ್ಜ ಬೆಳಿಗ್ಗೆ ಹತ್ತಕ್ಕೆ ತನ್ನ ಖಾಕಿ ಚೀಲ ತಂದು ಎರಡನೇ ನಂಬರ್ ಕೋಣೆಯ ಹೊರಗಿನ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಚೀಲಕ್ಕೊಂದು ಕಬ್ಬಿಣದ ಬಕಲ್. ಅದನ್ನು ತೆಗೆಯುವುದು, ಹಾಕುವುದು. ಟಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಕ್.

ಆಗಿದ್ದವರು ತೆಳ್ಳಗಿನ ಒಬ್ಬ ಡಾಕ್ಟರು, ಮನೆಯಲ್ಲಿ ಅವಳಿ ಕೂಸುಗಳು. ಅಜ್ಜನ ಕಾಗದಕ್ಕೆ ಎರಡು ಸಹಿ ಹಾಕಿದ್ದರು. ಮೂರನೆಯದಕ್ಕೆ ಆರು ದಿನ ಬಾಕಿ ಇರುವಾಗ ಅವರಿಗೆ ನದಿಯಾಚೆಯ ಕೆಲಸ ಸಿಕ್ಕಿತು. ಕೊನೆಯ ದಿನ ಪೆನ್ನು ಕೈಯಲ್ಲಿ ಹಿಡಿದು ಕೇಳಿದರು, "ಸಿಸ್ಟರ್, ಅಜ್ಜಂದು ಇವತ್ತೇ ಹಾಕ್ಬಿಡ್ಲಾ? ನಾಳೆಯಿಂದ ನಾನಿರಲ್ಲ."

ದೊಡ್ಡ ಸಿಸ್ಟರ್ ಹೇಳಿದಳು, "ಇನ್ನೂ ಆರು ದಿನ ಇದೆ ಸರ್. ತಾರೀಕು ಅಂದ್ರೆ ತಾರೀಕು."

ನಾಳೆ ಯಾರಾದರೂ ಕೇಳಿದರೆ ತನ್ನ ಸರ್ವೀಸಿಗೆ ಕಪ್ಪುಚುಕ್ಕೆ ಬೀಳುತ್ತದೆ ಎಂಬ ಭಯ ಒಂದು ಪಾಲು. ನಿಯಮ ಮುರಿಯದವಳು ಎಂಬ ಜಂಬ ಮೂರು ಪಾಲು. ಡಾಕ್ಟರು ಪೆನ್ನಿನ ಕ್ಯಾಪು ಹಾಕಿದರು. ಬಾಗಿಲು ತೆರೆದೇ ಇತ್ತು. ಬೆಂಚಿನ ಮೇಲಿದ್ದ ಅಜ್ಜ ಎಲ್ಲ ಕೇಳಿಸಿಕೊಂಡಿದ್ದ. ಆಕೆ ಹೊರಗೆ ಬಂದಾಗ ಅವನೇ ಸಮಾಧಾನ ಹೇಳಿದ, "ಹೋಗ್ಲಿ ಬಿಡಮ್ಮ. ಬಸ್ಸನ್ನ ಟೈಮಿಗೆ ಮುಂಚೆ ಬಿಡಬಾರದು. ನಂಗೊತ್ತಿಲ್ವಾ?"

ವಾರ್ಡಿನ ಬೀಗ ನೋಡಿಕೊಳ್ಳುವ ಕೀಲಿಯಣ್ಣ ಮಾತ್ರ ಮುಖಕ್ಕೆ ಹೊಡೆದ ಹಾಗೆ ಅಂದ, "ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋದು ಇದಕ್ಕೇ." ಆಕೆ ಒಂದು ತಿಂಗಳು ಅವನೊಡನೆ ಮಾತು ಬಿಟ್ಟಳು.

ಅದಾದ ಮೇಲೆ ಬಂದ ಯಾವ ಡಾಕ್ಟರೂ ಅಜ್ಜನಿಗೆ ಮೂರನೇ ಸಹಿ ಹಾಕುವಷ್ಟು ಕಾಲ ಉಳಿಯಲಿಲ್ಲ. ಮೊದಲು ತಂಗಿ ತೀರಿಕೊಂಡಳು. ಮರುವರ್ಷ ಚಳಿಗಾಲದಲ್ಲಿ ಅಜ್ಜ ನ್ಯುಮೋನಿಯಾದಿಂದ ತೀರಿಕೊಂಡ. ಖಾಕಿ ಚೀಲ ಕೇಳುವವರಿಲ್ಲದೆ ಸ್ಟೋರ್ ರೂಮು ಸೇರಿತು.

ಸತ್ತವರು ಸತ್ತರು ಎಂದುಕೊಂಡು ದೊಡ್ಡ ಸಿಸ್ಟರ್ ಕೆಲಸಕ್ಕೆ ಮರಳಿದಳು. ಹದಿನಾಲ್ಕನೇ ದಿನ ಬೆಳಿಗ್ಗೆ ಹತ್ತಕ್ಕೆ, ಆಗಷ್ಟೇ ಒರೆಸಿದ ಕಾರಿಡಾರಿನಲ್ಲಿ ಬರುತ್ತಿದ್ದಾಗ ಕೇಳಿಸಿತು. ಟಕ್.

ಬೆಂಚು ಖಾಲಿ. ಒದ್ದೆ ನೆಲದ ಮೇಲೆ ಹೆಜ್ಜೆಯ ಗುರುತಿಲ್ಲ. ಆಕೆ ನಿಂತಳು. ಬಿಸಿಲು ಕಿಟಕಿಯಿಂದ ಚೆನ್ನಾಗಿ ಒಳಗೆ ಬಿದ್ದಿತ್ತು, ಹೆದರುವಂಥದ್ದು ಒಂದೂ ಇರಲಿಲ್ಲ. ಆದರೂ ಬೆಂಚಿನ ಕೆಳಗೆ ಬಗ್ಗಿ ನೋಡಿದಳು. ಮತ್ತೆ, ಟಕ್.

ಅಂದಿನಿಂದ ವಾರಕ್ಕೆರಡು ಸಲವಾದರೂ ಕೇಳಿಸುತ್ತಿತ್ತು. ಬೇರೆ ಯಾರಿಗೂ ಇಲ್ಲ, ಅವಳಿಗೆ ಮಾತ್ರ. ಗಂಡನಿಗೆ ಹೇಳಿದರೆ, "ಮೊದಲು ಕಿವಿ ತೋರಿಸ್ಕೋ" ಎಂದ. ತೋರಿಸಿದಳು. ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಈ ವಯಸ್ಸಿಗೆ ಇಂಥ ಕಿವಿ ಪುಣ್ಯ ಎಂದರು. ಆಮೇಲೆ ಆಕೆ ಆ ಬೆಂಚಿನ ಮುಂದೆ ಹೋಗುವಾಗ ಕೀಲಿಗೊಂಚಲನ್ನು ಜೋರಾಗಿ ಅಲ್ಲಾಡಿಸುತ್ತಾ ಹೋಗುವ ಅಭ್ಯಾಸ ಮಾಡಿಕೊಂಡಳು. ಬೆಂಚಿನ ಆ ತುದಿಯಲ್ಲಿ ಯಾರನ್ನೂ ಕೂರಗೊಡುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಬೈಗುಳವೇ ಉತ್ತರ.

ಇನ್ನು ನಿವೃತ್ತಿಗೆ ಒಂದೇ ವರ್ಷ. ಆಕೆಯ ಮನಸ್ಸೆಲ್ಲ ಈಗ ಗುಂಡಿ ಅಕ್ಕನ ಮೇಲೆ ನಿಂತಿತ್ತು. ಗುಂಡಿ ಅಕ್ಕ ಕೋಟು ಹೊಲಿಯುವ ಕಾರ್ಖಾನೆಯವಳು. ಒಂಬತ್ತು ವರ್ಷದ ಹಿಂದೆ ಬಂದಾಗ ಕಂಡಕಂಡವರ ಅಂಗಿಯ ಗುಂಡಿ ಕಿತ್ತುಹಾಕುತ್ತಿದ್ದಳು. ಗುಣವಾದ ಮೇಲೆ ಇಡೀ ಆಸ್ಪತ್ರೆಯ ಗುಂಡಿಗಳನ್ನು ಹೊಲಿದುಕೊಡುತ್ತಿದ್ದಳು. ಅವಳು ಬಂದಾಗ ಶಾಲೆಗೆ ಹೋಗುತ್ತಿದ್ದ ಮಗಳು ಈಗ ಬೇಕರಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು, ಅವಳಿಗೊಂದು ಮಗುವೂ ಆಗಿತ್ತು. ಗುಂಡಿ ಅಕ್ಕ ಮೊಮ್ಮಗುವನ್ನು ಫೋಟೋದಲ್ಲಿ ಮಾತ್ರ ನೋಡಿದ್ದಳು. ಇವಳನ್ನಾದರೂ ನಾನು ಹೋಗುವ ಮೊದಲು ಮನೆ ಸೇರಿಸಬೇಕು, ಇಲ್ಲದಿದ್ದರೆ ಆ ಸದ್ದು ನನ್ನ ಜೊತೆ ಮನೆಗೂ ಬರುತ್ತದೆ ಎಂದು ದೊಡ್ಡ ಸಿಸ್ಟರಿಗೆ ಖಾತ್ರಿಯಾಗಿತ್ತು.

ಆ ಹೊತ್ತಿಗೆ ಹೊಸ ಡಾಕ್ಟರಮ್ಮ ಬಂದಳು. ಕಿರಿಯಳು, ಕೇಳುವ ತಾಳ್ಮೆಯವಳು. ಗುಂಡಿ ಅಕ್ಕನಿಗೆ ಒಂದು ಸಹಿ ಬಿತ್ತು, ಮೂರು ತಿಂಗಳಿಗೆ ಎರಡನೆಯದು ಬಿತ್ತು. ನಾಲ್ಕನೇ ತಿಂಗಳು ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ನಿಜ ಹೇಳಿದಳು, "ಸಿಸ್ಟರ್, ನದಿಯಾಚೆಯವರು ಕರೀತಿದ್ದಾರೆ. ನಮ್ಮಮ್ಮನ ಆಪರೇಷನ್ ಬೇರೆ ಇದೆ. ಇಲ್ಲಿ ಸಂಬಳ ಜಾಸ್ತಿ ಮಾಡ್ತಾರೆ ಅಂತ ಮಾತಿದೆಯಲ್ಲ, ಮುಂದಿನ ತಿಂಗಳು ಮುಗಿಯೋದ್ರೊಳಗೆ ಆಗದಿದ್ರೆ ನಾನು ಹೋಗ್ಲೇಬೇಕು."

ಮಾತು ಇದ್ದದ್ದು ಹೌದು. ಮಾನಸಿಕ ಆಸ್ಪತ್ರೆಗಳ ಡಾಕ್ಟರುಗಳಿಗೆ ಸಂಬಳ ಏರಿಸಿ ಎಂದು ಸೂಪರಿಂಟೆಂಡೆಂಟರು ಸರ್ಕಾರಕ್ಕೆ ಮನವಿ ಬರೆದು, ಎಲ್ಲ ಸಿಬ್ಬಂದಿಯ ಸಹಿ ಬೇಕೆಂದು ಊಟದ ಕೋಣೆಯಲ್ಲಿ ಇಟ್ಟಿದ್ದರು. ಹತ್ತು ದಿನವಾದರೂ ಕಾಗದ ಬೋಳಾಗಿಯೇ ಇತ್ತು. ದೊಡ್ಡ ಸಿಸ್ಟರ್ ನೇರ ಅಲ್ಲಿಗೆ ಹೋಗಿ ಮೊದಲ ಸಹಿ ಹಾಕಿ, ಪೆನ್ನನ್ನು ಕೀಲಿಯಣ್ಣನ ಮುಂದೆ ಹಿಡಿದಳು.

"ಅವರ ಸಂಬಳಕ್ಕೆ ನಾನ್ಯಾಕೆ ಸಹಿ ಹಾಕ್ಬೇಕು?" ಎಂದ ಅವನು. "ಒದೆ ತಿನ್ನೋದು ನಾವು, ಗಲೀಜು ಬಳಿಯೋದು ನಾವು. ಏರಿಸೋದಾದ್ರೆ ನಮಗೂ ಏರಿಸ್ಲಿ."

"ನಿನ್ನ ಮಾತು ತಪ್ಪಲ್ಲ ಕಣಪ್ಪ," ಎಂದಳು ಆಕೆ. "ನಮ್ಮದನ್ನೂ ಕೇಳೋಣ, ಆ ಕಾಗದ ನಾನೇ ಬರೀತೀನಿ. ಆದ್ರೆ ಒಂದು ಹೇಳು, ನನ್ನ ಸಂಬಳ, ನಿನ್ನ ಸಂಬಳ ಎರಡು ಪಟ್ಟು ಮಾಡಿದ್ರೂ ಗುಂಡಿ ಅಕ್ಕನ ಕಾಗದಕ್ಕೆ ನಾವು ಸಹಿ ಹಾಕೋಕಾಗುತ್ತಾ?"

ಕೀಲಿಯಣ್ಣ ತನ್ನ ಅಂಗಿಯ ಗುಂಡಿ ನೋಡಿಕೊಂಡ. ಅದನ್ನು ಹೊಲಿದವಳು ಅವಳೇ. ಗೊಣಗುತ್ತಲೇ ಸಹಿ ಹಾಕಿದ. ಅವನ ಹಿಂದೆ ಉಳಿದವರೂ ಹಾಕಿದರು.

ಕಾಗದ ಹೋಯಿತು. ಐದು ವಾರ ಉತ್ತರ ಬರಲಿಲ್ಲ. ಆ ಐದು ವಾರ ದೊಡ್ಡ ಸಿಸ್ಟರಿಗೆ ಅನ್ನ ಸೇರಲಿಲ್ಲ. ಸದ್ದು ಈಗ ದಿನಾ ಕೇಳಿಸುತ್ತಿತ್ತು, ಕೀಲಿಗೊಂಚಲು ಅಲ್ಲಾಡಿಸಿದರೂ ಅದರ ನಡುವೆಯೇ ತೂರಿ ಬರುತ್ತಿತ್ತು. ಒಂದು ದಿನ ನೋಡುತ್ತಾಳೆ, ಗುಂಡಿ ಅಕ್ಕ ತನ್ನ ಬಟ್ಟೆಗಂಟು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಅದೇ ತುದಿಯಲ್ಲಿ ಕೂತಿದ್ದಾಳೆ. ದೊಡ್ಡ ಸಿಸ್ಟರ್ ಓಡಿಹೋಗಿ ಅವಳ ತೋಳು ಹಿಡಿದು ಎಬ್ಬಿಸಿದಳು. "ಇಲ್ಲಿ ಕೂರಬೇಡ ಅಂತ ಎಷ್ಟು ಸಲ ಹೇಳಿದೀನಿ ನಿಂಗೆ."

"ಅಜ್ಜ ಜಾಗ ಬಿಟ್ಕೊಟ್ರು ಸಿಸ್ಟರ್," ಎಂದಳು ಗುಂಡಿ ಅಕ್ಕ ಮೆಲ್ಲಗೆ.

ದೊಡ್ಡ ಸಿಸ್ಟರ್ ಹಿಡಿದಿದ್ದ ತೋಳು ಬಿಟ್ಟಳು. ಗುಣವಾದವಳ ಮಾತೋ, ಗುಣವಾಗದವಳದೋ? ಇದನ್ನು ಡಾಕ್ಟರಮ್ಮನಿಗೆ ಹೇಳಿದರೆ ಗುಂಡಿ ಅಕ್ಕನ ಎರಡು ಸಹಿಯೂ ನೀರುಪಾಲು. ಹೇಳಬೇಕು ಎಂಬುದು ನಿಯಮ. ಅಷ್ಟಕ್ಕೂ ಅವಳಿಗೆ ಕಂಡದ್ದು ಹುಚ್ಚಾದರೆ ತನಗೆ ಕೇಳಿಸುವುದು ಏನು? ಜೀವಮಾನದಲ್ಲಿ ಮೊದಲ ಬಾರಿಗೆ ಆಕೆ ರಿಪೋರ್ಟಿನಲ್ಲಿ ಬರೆಯಬೇಕಾದದ್ದನ್ನು ಬರೆಯಲಿಲ್ಲ.

ಡಾಕ್ಟರಮ್ಮ ಕೊಟ್ಟ ಗಡುವಿಗೆ ಎರಡು ದಿನ ಇರುವಾಗ ಆದೇಶ ಬಂತು. ನದಿಯಾಚೆಯಷ್ಟಲ್ಲ, ಆದರೆ ಬದುಕುವಷ್ಟು ಏರಿಸಿದ್ದರು. ಡಾಕ್ಟರಮ್ಮ ಕಾಗದವನ್ನು ಎರಡು ಸಲ ಓದಿ, "ಇರ್ತೀನಿ ಸಿಸ್ಟರ್" ಎಂದಳು. ದೊಡ್ಡ ಸಿಸ್ಟರ್ ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಮಾರನೇ ದಿನ ಪೇಂಟರನ್ನು ಕರೆಸಿ, ಸ್ಲೇಟು ಕಿತ್ತು, ಬಾಗಿಲ ಮೇಲೆ ಹೆಸರು ಬರೆಸಿದಳು.

ಇರುವವಳು ಎಂದಾದ ಮೇಲೆ ಡಾಕ್ಟರಮ್ಮ ಕೋಣೆಯನ್ನು ತನ್ನದು ಮಾಡಿಕೊಂಡಳು. ಬೀರು ಖಾಲಿ ಮಾಡಿ ಜೋಡಿಸಿದಳು. ಬಡಗಿಯನ್ನು ಕರೆಸಿ ಮೇಜಿನ ಮೊಂಡುಗಾಲಿಗೆ ತುಂಡು ಕೂಡಿಸಿದಳು.

ಮುಂದಿನ ಗುರುವಾರ ಗುಂಡಿ ಅಕ್ಕನ ಮಗಳು ಮಗುವನ್ನೆತ್ತಿಕೊಂಡು ಬಂದಳು. ಬೇಕರಿಯಲ್ಲಿ ರಜೆ ಸಿಕ್ಕಿದ್ದು ಅಂದು ಮಾತ್ರ. ಅಮ್ಮನನ್ನು ಇವತ್ತೇ ಕರೆದುಕೊಂಡು ಹೋಗಬಹುದೇ ಎಂದು ಕೇಳಿದಳು. ಮೂರನೇ ಸಹಿಯ ತಾರೀಕು ಬರುವ ಮಂಗಳವಾರವಿತ್ತು. ಡಾಕ್ಟರಮ್ಮ ಗುಂಡಿ ಅಕ್ಕನೊಡನೆ ಒಂದು ಗಂಟೆ ಮಾತಾಡಿ, ಪೆನ್ನು ತೆಗೆದಳು.

"ಇನ್ನೂ ಐದು ದಿನ ಇದೆ ಡಾಕ್ಟ್ರೆ."

ಹೇಳಬೇಕೆಂದು ಹೇಳಿದ್ದಲ್ಲ. ಮೂವತ್ತೊಂದು ವರ್ಷದ ನಾಲಿಗೆ ತಾನಾಗಿಯೇ ಹೊರಳಿತು. ಹೇಳಿದ ಮೇಲೆ ದೊಡ್ಡ ಸಿಸ್ಟರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಡಾಕ್ಟರಮ್ಮ ನಕ್ಕಳು. "ಅದೇನೂ ತೊಂದರೆ ಇಲ್ಲ ಸಿಸ್ಟರ್. ನಿಯಮಾವಳಿ ಸಿಕ್ತಲ್ಲ, ಪೂರ್ತಿ ಓದಿದೆ. ತಾರೀಕಿಗೆ ಹದಿನೈದು ದಿನ ಮುಂಚೆ ಹಾಕಿದ್ರೂ ನಡೆಯುತ್ತೆ. ನೋಡಿ, ಇಲ್ಲೇ ಇದೆ."

ಆಕೆ ತಿರುಗಿಸಿ ಇಟ್ಟದ್ದು ದಪ್ಪದೊಂದು ಹಳೇ ಪುಸ್ತಕ. ರಟ್ಟಿನ ಮೇಲೆ ಮೇಜಿನ ಕಾಲು ಊರಿದ ಚೌಕಾಕಾರದ ತಗ್ಗು ಬಿದ್ದಿತ್ತು. ದೊಡ್ಡ ಸಿಸ್ಟರ್ ಕನ್ನಡಕ ಹಾಕಿಕೊಂಡು ಓದಿದಳು. ಹದಿನೈದು ದಿನ. ಇನ್ನೊಂದು ಸಲ ಓದಿದಳು. ಹದಿನೈದು ದಿನವೇ. ಅದರ ಕೆಳಗೆ ಇದ್ದ ತಾರೀಕು ಆಕೆ ಕೆಲಸಕ್ಕೆ ಸೇರಿದ್ದಕ್ಕಿಂತ ಹಳೆಯದು. ಬಂದ ಯಾರಿಗೂ ಅದನ್ನು ಓದುವಷ್ಟು ಕಾಲ ಇರಲಿಲ್ಲ. ಇದ್ದವಳು ಓದದೆ ಮೇಜಿಗೆ ಆನಿಸಿದ್ದಳು.

"ಏನಾಯ್ತು ಸಿಸ್ಟರ್? ಕೂತ್ಕೊಳ್ಳಿ," ಎಂದಳು ಡಾಕ್ಟರಮ್ಮ.

"ಏನಿಲ್ಲ. ನೀವು ಸಹಿ ಹಾಕಿ," ಎಂದಳು ಆಕೆ.

ಗುಂಡಿ ಅಕ್ಕ ಹೊರಟಳು. ಗೇಟಿನವರೆಗೂ ಮಗುವಿನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಾ, ಇದು ಸಡಿಲ, ಇದು ಸರಿ ಎನ್ನುತ್ತಾ ಹೋದಳು. ಕೀಲಿಯಣ್ಣ ಗೇಟು ತೆಗೆದ. ಮುಟ್ಟಿದರೆ ಮುರಿಯುವ ಹಾಗೆ ನಿಂತಿದ್ದ ದೊಡ್ಡ ಸಿಸ್ಟರನ್ನು ನೋಡಿ, "ಗೆದ್ದುಬಿಟ್ರಲ್ಲ ಸಿಸ್ಟರ್" ಎಂದ. ಆಕೆ ಆಗಲೇ ಒಳಕ್ಕೆ ತಿರುಗಿದ್ದಳು.

ಸ್ಟೋರ್ ರೂಮಿಗೆ ಹೋಗಿ ಖಾಕಿ ಚೀಲ ಹುಡುಕಿ ತೆಗೆದು, ಧೂಳು ಒರೆಸಿ ತಂದಳು. ಕಾರಿಡಾರು ಒರೆಸಿ ಆಗಿತ್ತು, ಬಿಸಿಲು ಒಳಗೆ ಬಿದ್ದಿತ್ತು. ಆಕೆ ಚೀಲವನ್ನು ಬೆಂಚಿನ ಆ ತುದಿಯಲ್ಲಿಟ್ಟು, ಪಕ್ಕದಲ್ಲಿ ಕೂತಳು. ಕೀಲಿಗೊಂಚಲನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕಾದಳು.

ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, ಟಕ್.

"ಅಜ್ಜ," ಎಂದಳು ದೊಡ್ಡ ಸಿಸ್ಟರ್, "ಟೈಮಿಗೆ ಮುಂಚೆ ಬಿಡಬಹುದಿತ್ತಂತೆ."